ಹೊಟ್ಟೆಗೆ ವಾರಕ್ಕೆ ಮೂರು ದಿನ

ನಮ್ಮ ಕಾಕಾ ನಿಲ್ಲುವುದು ಕಾಲಿನಿಂದಲ್ಲ, ಹೊಟ್ಟೆಯಿಂದ! ನೀವು ನಗಬಹುದು. ಇದು ನಾನು ಕಟ್ಟಿದ ಮಾತಲ್ಲ, ಅವನೇ ಹುಕ್ಕೇರಿಯ ತುಂಬ ಹೇಳಿಕೊಂಡು ತಿರುಗಿದ್ದು. ಕಾಕಾ ಅಂದರೆ ನನ್ನ ಅಪ್ಪನ ತಮ್ಮ. ಸರ್ಕಾರಿ ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದವನು. ಅವನ ಮನೆಗೂ ನಮ್ಮ ಮನೆಗೂ ನಡುವೆ ಇರುವುದು ಒಂದೇ ಗೋಡೆ, ಆ ಗೋಡೆ ಅವನ ದನಿಯನ್ನು ಇವತ್ತಿನವರೆಗೂ ತಡೆದಿಲ್ಲ. ಅವನು ತನ್ನ ಮನೆಯಲ್ಲಿ “ಚಾ” ಎಂದರೆ ನಮ್ಮ ಮನೆಯಲ್ಲಿ ಪಾತ್ರೆ ಒಲೆಯ ಮೇಲೆ ಏರುತ್ತದೆ.

ಇಡೀ ನೌಕರಿಯಲ್ಲಿ ಒಂದು ದಿನವೂ ಅವನು ಬಸ್ಸಿನ ಕಂಬಿ ಹಿಡಿದು ನಿಂತವನಲ್ಲ. ಗೋಕಾಕ ಫಾಲ್ಸಿನ ತಿರುವುಗಳಲ್ಲಿ ಬಸ್ಸು ಕುಡಿದವನ ಹಾಗೆ ವಾಲಾಡುವಾಗಲೂ ಎರಡೂ ಕೈ ಚೀಲದಲ್ಲಿಟ್ಟು ಚಿಲ್ಲರೆ ಎಣಿಸುತ್ತ ನಡುದಾರಿಯಲ್ಲಿ ನಿಂತಿರುತ್ತಿದ್ದ. “ಹೊಟ್ಟಿ ಬಿಗಿ ಹಿಡದ್ರ ಕೈ ಯಾಕ ಬೇಕಲೇ?” ಎನ್ನುತ್ತಿದ್ದ. ಒಮ್ಮೆ ಯಮಕನಮರಡಿ ದಾಟುತ್ತಿದ್ದಂತೆ ಕುರಿಯ ಹಿಂಡು ರಸ್ತೆಗೆ ನುಗ್ಗಿತು. ಡ್ರೈವರ್ ಬ್ರೇಕಿನ ಮೇಲೆ ನಿಂತೇಬಿಟ್ಟ. ಬಸ್ಸಿನಲ್ಲಿ ನಾನೂ ಇದ್ದೆ, ಮುಂದಿನ ಸೀಟಿಗೆ ಹಣೆ ಬಡಿಸಿಕೊಂಡೆ. ನಿಂತವರೆಲ್ಲ ಒಬ್ಬರ ಮೇಲೊಬ್ಬರು ಉರುಳಿದರು. ದಪ್ಪನೆಯ ಸಾವಕಾರರೊಬ್ಬರು ಹಾರಿ ಬಂದು ಕಾಕಾನ ಕೊರಳಿಗೆ ಜೋತುಬಿದ್ದರು. ಕಾಕಾ ಒಂದಿಂಚೂ ಅಲುಗಲಿಲ್ಲ.

“ಸಾವಕಾರ್ರ, ಮೊದಲ ತಿಕೀಟ ತಗೋರಿ,” ಎಂದ. “ಅಪ್ಕೊಳ್ಳೂದು ಆಮ್ಯಾಲ!”

ಇಂಥ ಹೊಟ್ಟೆ, ನೌಕರಿ ಮುಗಿದ ಮೇಲೆ ಏನಾಗಬೇಕು? ಕಟ್ಟೆಯ ಮೇಲೆ ಕೂತು ಚುರುಮರಿ ತಿಂದು ತಿಂದು ಒಂದೇ ವರ್ಷದಲ್ಲಿ ಅಂಗಿಯ ಗುಂಡಿಗಳ ಜೊತೆ ಜಗಳಕ್ಕೆ ಬಿತ್ತು. ಅವನ ಹೆಂಡತಿ, ಅಂದರೆ ನಮ್ಮ ಚಿಗವ್ವ, ಮುಲಾಜು ಇಟ್ಟುಕೊಂಡವಳಲ್ಲ. “ಬಸ್ಸು ಬಿಟ್ಟು ಬಂದೀರಿ ಅಂದ್ಕೊಂಡಿದ್ನಿ, ನುಂಗಿ ಬಂದೀರಿ ನೋಡ್ರಿ,” ಎಂದಳು. ಮಕ್ಕಳಿಲ್ಲದ ಮನೆ ಅದು. ಅವರಿಬ್ಬರೇ ಇದ್ದರೂ ಅಲ್ಲಿ ಸದಾ ಒಂದು ಬಸ್ಸಿನಷ್ಟು ಗದ್ದಲ ಇರುತ್ತಿತ್ತು.

ಆ ಗದ್ದಲ ಒಂದು ಬೇಸಿಗೆಯಲ್ಲಿ ನಿಂತಿತು. ಶ್ಯಾವಿಗೆ ಒಣಹಾಕಲು ಮಾಳಿಗೆ ಏರಿದ್ದ ಚಿಗವ್ವ ಇಳಿಯುವಾಗ ಮೆಟ್ಟಿಲ ಮೇಲೆ ಕಾಲು ಜಾರಿ ಬಿದ್ದಳು. ಬೆನ್ನುಮೂಳೆಗೆ ಪೆಟ್ಟಾಯಿತು. ಬೆಳಗಾವಿಯಲ್ಲಿ ಆಪರೇಷನ್ ಆಯಿತು. ಕೊನೆಗೆ ಡಾಕ್ಟರು ನಮ್ಮನ್ನು ಹೊರಗೆ ಕರೆದು, ಇನ್ನು ಕಾಲು ಬರುವುದಿಲ್ಲ, ಸೊಂಟದ ಕೆಳಗೆ ಏನೂ ಗೊತ್ತಾಗುವುದಿಲ್ಲ, ಹೊಟ್ಟೆಯಲ್ಲಿ ಅಷ್ಟಿಷ್ಟು ಬಲ ಉಳಿದಿದೆ ಎಂದರು. ಕಾಕಾ ಎಲ್ಲ ಕೇಳಿಸಿಕೊಂಡು, “ಕುಂದ್ರತಾಳೇನ್ರಿ?” ಎಂದು ಒಂದೇ ಪ್ರಶ್ನೆ ಕೇಳಿದ. ಆನಿಸಿ ಕೂರಿಸಿದರೆ ಕೂರುತ್ತಾಳೆ ಎಂದರು.

ಮನೆಗೆ ಬಂದ ಮೇಲೆ ಕಾಕಾ ಒಂದು ಕಾನೂನು ಹೊರಡಿಸಿದ. ಚಿಗವ್ವನನ್ನು ಎತ್ತುವವನು ತಾನೊಬ್ಬನೇ! ಹಾಸಿಗೆಯಿಂದ ಬಚ್ಚಲಿಗೆ, ಬಚ್ಚಲಿಂದ ಪಡಸಾಲೆಯ ಕುರ್ಚಿಗೆ, ಕುರ್ಚಿಯಿಂದ ಮತ್ತೆ ಹಾಸಿಗೆಗೆ. ನಾನು ಕೈಹಾಕಲು ಹೋದರೆ ಗದರುತ್ತಿದ್ದ. ನನ್ನ ಹೆಂಡತಿ ಹೋದರೆ, “ನೀ ರೊಟ್ಟಿ ಮಾಡವಾ, ಈ ಕೆಲಸ ನಂದು,” ಎನ್ನುತ್ತಿದ್ದ.

“ಬಸ್ಸಿನ ಟಾಪ್ ಮ್ಯಾಲ ಜ್ವಾಳದ ಚೀಲ ಏರಿಸಿದಾವ ನಾ. ನೀ ಏನ್ ಮಹಾ?” ಎಂದು ಅವಳನ್ನು ಎತ್ತುತ್ತಿದ್ದ.

“ಚೀಲ ಬೈಯೂದಿಲ್ರಿ, ನಾ ಬೈತೇನಿ. ಸಾವಕಾಶ ಎತ್ರಿ,” ಎಂದು ಅವಳು ಅವನ ಕೊರಳಿಗೆ ಕೈ ಹಾಕುತ್ತಿದ್ದಳು. ಅವಳ ಕಾಲು ಎರಡೂ ಗಾಳಿಯಲ್ಲಿ ಬೇರೆ ಯಾರದೋ ಕಾಲಿನ ಹಾಗೆ ತೂಗಾಡುತ್ತಿದ್ದವು. ಅದನ್ನು ನೋಡಬಾರದೆಂದು ನಾನು ಪ್ರತಿ ಸಲವೂ ಗೋಡೆಯ ಗಡಿಯಾರ ನೋಡುತ್ತ ನಿಲ್ಲುತ್ತಿದ್ದೆ.

ಚೀಲ ಏರಿಸಿದ ಮನುಷ್ಯನ ಬೆನ್ನು ಮಳೆಗಾಲ ಬರುವಷ್ಟರಲ್ಲಿ ಹಿಡಿದುಕೊಂಡಿತು. ಕುಡುಗೋಲಿನ ಹಾಗೆ ಬಾಗಿ, ಬಾಗಿದ್ದಲ್ಲೇ ಚಾ ಕುಡಿದು, ಬಾಗಿದ್ದಲ್ಲೇ ನನ್ನನ್ನು ಬೈದ. ಕೊನೆಗೆ ನನ್ನ ಹಳೆಯ ವ್ಯಾನಿನಲ್ಲಿ ಮಲಗಿಸಿಕೊಂಡು ಗೋಕಾಕಿಗೆ ಕರೆದೊಯ್ದೆ. ಅಲ್ಲಿ ವ್ಯಾಯಾಮದಿಂದ ಬೆನ್ನು ಸರಿಮಾಡುವ ಒಬ್ಬ ಡಾಕ್ಟರ್ ಇದ್ದಳು, ಚಿಕ್ಕ ವಯಸ್ಸಿನ ಹೆಣ್ಣುಮಗಳು. ಎಲ್ಲ ಒತ್ತಿ, ಬಗ್ಗಿಸಿ ನೋಡಿ, ಚಿಗವ್ವನ ಸಂಗತಿಯನ್ನೂ ಕೇಳಿಕೊಂಡು ಹೇಳಿದಳು.

“ಕಾಕಾರ, ಬೆನ್ನಿಗಿ ಆಧಾರ ಅಂದ್ರ ಹೊಟ್ಟಿ. ಹೊಟ್ಟಿ, ಸೊಂಟ, ಬೆನ್ನು ಎಲ್ಲಾ ಸೇರಿ ಸುತ್ತಾಲೂ ಒಂದ್ ಪಟ್ಟಾ ಬಿಗದಂಗ ಇರ್ತೈತಿ. ನಿಮ್ಮ ಪಟ್ಟಾ ಸಡ್ಲ ಆಗೇತಿ. ವ್ಯಾಯಾಮ ಹೇಳಿಕೊಡ್ತೇನಿ, ವಾರಕ್ಕ ಮೂರ್ ದಿನ ಮಾಡ್ರಿ. ಒಂದ್ ದಿನ ಮಾಡಿದ್ರ ಮರುದಿನ ಬಿಡಬೇಕು.”

“ವಾರಕ್ಕ ಮೂರ? ಉಳದ ದಿನ ಏನ್ ಮಾಡ್ಲಿ?”

“ಆರಾಮ ಮಾಡ್ರಿ.”

“ಆರಾಮ ಮಾಡಿದ್ರ ಬಲ ಹ್ಯಾಂಗ ಬರ್ತೈತ್ರಿ ಮ್ಯಾಡಂ?”

“ಬಲ ಬರೂದ ಆವಾಗ್ರಿ. ಮಾಡೂ ದಿನ ಸ್ನಾಯು ದಣೀತಾವು, ಬಿಟ್ಟ ದಿನ ಕೂಡ್ಕೋತಾವು. ನೀವು ಇನ್ನಾ ಹೊಸಬ್ರು. ಎಲ್ಡ್ ತಿಂಗಳು ಇಷ್ಟ ಸಾಕು. ಮತ್ತ ಅಲ್ಲೀತನಾ ನೀವೊಬ್ರ ಎತ್ತಬ್ಯಾಡ್ರಿ.”

ಹೊಸಬ! ಆ ಮಾತು ಕಾಕಾನಿಗೆ ಬೆನ್ನುನೋವಿಗಿಂತ ಹೆಚ್ಚು ಚುಚ್ಚಿತು. ವ್ಯಾನಿನಲ್ಲಿ ಘಟಪ್ರಭಾ ದಾಟುವವರೆಗೂ ಅದೇ ಮಾತು. “ಆಕಿ ಹುಟ್ಟೂಕಿಂತ ಮೊದಲ ಈ ಹೊಟ್ಟಿ ಮ್ಯಾಲ ನಿಂತಾವ ನಾ. ನಾ ಹೊಸಬ ಅಂತ! ಮೂರ್ ದಿನಾ ಮಾಡಿದ್ರ ಅಷ್ಟು ಬರ್ತೈತಿ ಅಂದ್ರ ಏಳೂ ದಿನಾ ಮಾಡಿದ್ರ ಎಷ್ಟ್ ಬರಬೇಕು? ಲೆಕ್ಕಾ ಬರ್ತೈತಿಲ್ಲೋ ನಿನಗ?”

ಲೆಕ್ಕ ನನಗೂ ಬರುತ್ತದೆ. ತಾಲ್ಲೂಕು ಕಚೇರಿಯ ಎದುರು ಜೆರಾಕ್ಸ್ ಅಂಗಡಿ ಇಟ್ಟವನು ನಾನು. ಆದರೆ ಕಾಕಾನ ಲೆಕ್ಕಕ್ಕೆ ಎದುರು ಲೆಕ್ಕ ಹೇಳಿ ಗೆದ್ದವರು ಯಾರಿದ್ದಾರೆ?

ಗುಳಿಗೆ ನುಂಗಿ ಬೆನ್ನು ನೆಟ್ಟಗಾದ ಮರುದಿನದಿಂದಲೇ ಶುರುವಾಯಿತು. ಆಕೆ ಹೇಳಿಕೊಟ್ಟದ್ದು ಮಗುವಿಗೆ ಹೇಳಿಕೊಡುವಂಥ ಸರಳ ವ್ಯಾಯಾಮ. ಅಂಗಾತ ಮಲಗಿ ಮೊಣಕಾಲು ಮಡಚಿ, ಉಸಿರು ಬಿಡುತ್ತ ಹೊಕ್ಕಳನ್ನು ಒಳಗೆಳೆದುಕೊಳ್ಳುವುದು, ಹಾಗೇ ಸ್ವಲ್ಪ ಹೊತ್ತು ಹಿಡಿಯುವುದು, ಬಿಡುವುದು. ಕಾಕಾನಿಗೆ ಅದು ಅವಮಾನವೆನಿಸಿತು. ಫೋನಿನಲ್ಲಿ ಯಾವನೋ ಹುಡುಗನ ವಿಡಿಯೊ ಹುಡುಕಿ ತೆಗೆದ. ಆ ಹುಡುಗನ ಹೊಟ್ಟೆ ಶೇಂಗಾ ಚಿಕ್ಕಿಯನ್ನು ಚೌಕಚೌಕ ಕೊರೆದ ಹಾಗಿತ್ತು. ಅವನು ಮಲಗಿದಲ್ಲಿಂದ ಚಂಗನೆ ಎದ್ದು ಕೂತು, ಮತ್ತೆ ಮಲಗಿ, ಮತ್ತೆ ಎದ್ದ. ಕಾಕಾನೂ ಚಂಗನೆ ಎದ್ದ. ಬೆಳಗ್ಗೆ ಎದ್ದ, ಮಧ್ಯಾಹ್ನ ಎದ್ದ, ಸಂಜೆ ಎದ್ದ. ಪ್ರತಿ ಏಳುವಿಕೆಗೂ “ಹೋಲ್ಡಾನ್! ರೈಟ್!” ಎಂದು ತಾನೇ ಕೂಗಿಕೊಳ್ಳುತ್ತಿದ್ದ. ಗೋಡೆಯ ಈಚೆ ಕೂತ ನಮಗೆ ಮನೆಯೇ ಯಾವ ಕ್ಷಣದಲ್ಲಾದರೂ ಹೊರಟುಬಿಡಬಹುದು ಎನಿಸುತ್ತಿತ್ತು.

“ಮ್ಯಾಡಮ್ಮಾರು ದಿನಾ ಬ್ಯಾಡ ಅಂದಾರಂತ?” ಚಿಗವ್ವ ಮಂಚದ ಮೇಲಿಂದಲೇ ಕೇಳಿದಳು.

“ಬಸ್ಸಿಗಿ ಸೂಟಿ ಐತೇನು? ದಿನಾ ಓಡ್ತೈತಿಲ್ಲೋ?”

“ಅದೂ ಡಿಪೋಕ್ಕ ಹೋಗಿ ನಿಂದರ್ತೈತ್ರಿ. ನೀವ ಹೇಳತಿದ್ರಿ.”

ಕಾಕಾ ಮಾತು ಬದಲಿಸಿದ. ಒಂದು ವಾರದಲ್ಲಿ ಹೊಟ್ಟೆ ಮುಟ್ಟಿದರೆ ಕಿರುಚುವ ಹಾಗಾಯಿತು. ಕೆಮ್ಮು ಬಂದರೆ ಗೋಡೆ ಹಿಡಿಯುತ್ತಿದ್ದ. ನಗು ಬಂದರೆ ಕಣ್ಣಲ್ಲಿ ನೀರು. “ನೋವು ಬಂತಂದ್ರ ಬಲ ಬಂತಂತ ಅರ್ಥ,” ಎಂದು ನನಗೆ ಬೋಧಿಸಿದ. ಒಬ್ಬನೇ ಎತ್ತುವುದನ್ನೂ ಬಿಡಲಿಲ್ಲ.

ಒಂದು ಮುಂಜಾನೆ ಗೋಡೆಯಾಚೆ ದಪ್ಪನೆ ಸದ್ದಾಯಿತು. ಆಮೇಲೆ ಏನೂ ಇಲ್ಲ. ನಾನೂ ನನ್ನ ಹೆಂಡತಿಯೂ ಓಡಿದೆವು. ಬಚ್ಚಲಿನ ಬಾಗಿಲಲ್ಲಿ ಇಬ್ಬರೂ ನೆಲದ ಮೇಲೆ ಅಂಗಾತ ಬಿದ್ದಿದ್ದರು, ಅಕ್ಕಪಕ್ಕ, ಹಾಸಿಗೆಯಲ್ಲಿ ಮಲಗಿದ ಹಾಗೆ. ಅವಳನ್ನು ಎತ್ತಿಕೊಂಡು ತಿರುಗುವಾಗ ಅವನ ಹೊಟ್ಟೆ ಹಿಡಿದುಕೊಂಡು ಕೈ ಸಡಿಲಾಗಿತ್ತು. ಚಿಗವ್ವ ಮೇಲೆ ನೋಡುತ್ತಿದ್ದಳು.

“ಜೇಡರ ಬಲಿ ನೋಡ್ರಿ ಎಷ್ಟು ಕಟ್ಟೇತಿ,” ಎಂದಳು. “ಕುರ್ಚಿ ಮ್ಯಾಲ ಕುಂತ್ರ ಕಾಣಸತಿದ್ದಿಲ್ಲ.”

ನಮಗೆ ನಗು ಬಂತು. ಕಾಕಾನೂ ನಕ್ಕ, ಹೊಟ್ಟೆ ಹಿಡಿದುಕೊಂಡು. ಎಲ್ಲ ಸೇರಿ ಅವಳನ್ನು ಹಾಸಿಗೆಗೆ ಮುಟ್ಟಿಸಿದೆವು. ಎಲ್ಲೂ ನೋವಿಲ್ಲ ಎಂದಳು. ಮಧ್ಯಾಹ್ನ ನನ್ನ ಹೆಂಡತಿ ಸೀರೆ ಸರಿಮಾಡಲು ಹೋಗಿ ನೋಡಿದರೆ ತೊಡೆ ಬಾತು ಕಪ್ಪಗಾಗಿತ್ತು. ಮೂಳೆ ಮುರಿದಿತ್ತು. ಮುರಿದದ್ದು ಅವಳಿಗೆ ಗೊತ್ತೇ ಆಗಿರಲಿಲ್ಲ. ಕಾಕಾ ಆ ತೊಡೆಯ ಮೇಲೆ ಕೈಯಿಟ್ಟು, “ಖರೇನ ನೋಯಾಕತ್ತಿಲ್ಲೇನ?” ಎಂದು ಕೇಳಿದ. ಇಲ್ಲ ಎಂದಳು. ಮತ್ತೆ ಕೇಳಿದ. ನೋಯುತ್ತಿದೆ ಎಂದು ಅವಳು ಹೇಳಿ ಒಂದಿಷ್ಟು ಬೈದಿದ್ದರೆ ಅವನಿಗೆ ಹಗುರಾಗುತ್ತಿತ್ತೋ ಏನೋ. ಅವಳು ಬೈಯಲಿಲ್ಲ. ಅವತ್ತೊಂದು ದಿನ ಮಾತ್ರ ಬೈಯಲಿಲ್ಲ.

ಸುದ್ದಿ ಮುಟ್ಟಿ ಮೂಡಲಗಿಯಿಂದ ಅವಳ ಅಣ್ಣ ಬಂದರು. ಅಲ್ಲಿ ಅವರದು ಕಾಳುಕಡಿಯ ವ್ಯಾಪಾರ, ಹೆಚ್ಚು ಮಾತಿಲ್ಲದ ಮನುಷ್ಯ. ತಂಗಿಯ ಕಾಲಿಗೆ ಹಾಕಿದ ಕಟ್ಟು ನೋಡಿದರು, ಕಾಕಾನನ್ನು ನೋಡಿದರು.

“ತಂಗೀನ ನಾ ಕರ್ಕೊಂಡ್ ಹೋಗ್ತೇನ್ರಿ. ನಮ್ಮ ಮನ್ಯಾಗ ಮಂದಿ ಅದಾರ. ಎತ್ತಾಕ, ಇಳಸಾಕ ನಾಕ್ ಕೈ ಅದಾವ.”

ಕಾಕಾ ಕೊರಳು ಬಗ್ಗಿಸಿಕೊಂಡು ಕೂತ. ಚಿಲ್ಲರೆ ಇಲ್ಲ ಎಂದ ಪ್ರಯಾಣಿಕನೊಂದಿಗೆ ಸಂಕೇಶ್ವರದವರೆಗೂ ಜಗಳ ಆಡುತ್ತಿದ್ದ ಮನುಷ್ಯ ಅವನು! ಮಾತಾಡಿದ್ದು ಚಿಗವ್ವ.

“ಅಣ್ಣಾ, ದೀಪಾವಳಿ ತನಕ ಬಿಡು. ಅಷ್ಟರಾಗ ಇವ್ರು ಸುಧಾರಿಸಲಿಲ್ಲಂದ್ರ ನಾನ ಬರ್ತೇನಿ.”

ಅಣ್ಣ ಒಪ್ಪಿದರು. ಹೊರಡುವಾಗ ಬಾಗಿಲಲ್ಲಿ ನಿಂತು ನನಗೆ ಮಾತ್ರ ಕೇಳುವ ಹಾಗೆ, “ಮತ್ತ ಕೆಡವಿದ್ರ ಆಕಿ ಉಳಿಯೂದಿಲ್ಲಪಾ,” ಎಂದರು.

ಮೂಳೆ ಕೂಡಿದ ಮೇಲೆ ಇಬ್ಬರನ್ನೂ ವ್ಯಾನಿನಲ್ಲಿ ಹಾಕಿಕೊಂಡು ಮತ್ತೆ ಗೋಕಾಕಿಗೆ ಹೋದೆ. ಡಾಕ್ಟರ್ ಬೈಯುತ್ತಾಳೆಂದು ಕಾಕಾ ದಾರಿಯುದ್ದಕ್ಕೂ ಕೈ ಮುಗಿಯುವ ತಾಲೀಮು ಮಾಡಿದ್ದ. ಆಕೆ ಬೈಯಲಿಲ್ಲ. ಕಾಕಾನ ಮುಖ ನೋಡಿ, ಬೈಯುವ ಕೆಲಸ ಬೇರೆ ಯಾರೋ ಮಾಡಿ ಮುಗಿಸಿದ್ದಾರೆ ಎಂದು ತಿಳಿದಳೇನೋ. ಚಿಗವ್ವನನ್ನು ಮೇಜಿನ ಮೇಲೆ ಮಲಗಿಸಿ, ಹೊಟ್ಟೆಯ ಮೇಲೆ ಅಂಗೈ ಇಟ್ಟು, “ಅವ್ವಾರ, ಉಸುರು ಬಿಟ್ಟಗೋತ ಹೊಕ್ಕಳಾ ಒಳಗ ಎಳ್ಕೋರಿ,” ಎಂದಳು. ಚಿಗವ್ವ ಎಳೆದುಕೊಂಡಳು. ಡಾಕ್ಟರ್ ಕಣ್ಣು ಅರಳಿತು.

“ಐತ್ರಿ, ಬಲ ಐತಿ! ಇವ್ರೂ ವ್ಯಾಯಾಮ ಮಾಡಬೇಕು. ಬೆನ್ನಿಗಿ ಏನೂ ಆನಸದ ಕುಂದ್ರಾಕ ಬಂತಂದ್ರ ನಿಮಗ ಎತ್ತೂದೂ ಹಗರ ಆಕ್ಕೈತಿ. ಇವ್ರು ಹೆಣದ ಭಾರ ಬಿಡೂದಿಲ್ಲ, ತಾವೂ ಬಿಗಿ ಹಿಡೀತಾರು.”

“ದಿನಾ ಮಾಡ್ಲೇನ್ರಿ?” ಚಿಗವ್ವ ಕೇಳಿದಳು.

“ವಾರಕ್ಕ ಮೂರ ದಿನ,” ಎಂದ ಕಾಕಾ. ಡಾಕ್ಟರ್ ಬಾಯಿ ತೆರೆಯುವ ಮೊದಲೇ!

ಹೀಗೆ ನಮ್ಮ ಬಾಜುವಿನ ಮನೆಯಲ್ಲಿ ಇಬ್ಬರು ಹೊಸಬರ ಸಾಲೆ ತೆರೆಯಿತು. ಸೋಮವಾರ, ಬುಧವಾರ, ಶುಕ್ರವಾರ. ಅವಳು ಮಂಚದ ಮೇಲೆ, ಅವನು ಕೆಳಗೆ ಕಂಬಳಿಯ ಮೇಲೆ. ಇಬ್ಬರೂ ಅಂಗಾತ. ಅವನು ಮೊಣಕಾಲು ಮಡಚುತ್ತಿದ್ದ. ಅವಳ ಮೊಣಕಾಲು ತಾನಾಗಿ ನಿಲ್ಲುತ್ತಿರಲಿಲ್ಲ, ಎರಡೂ ಕಡೆ ದಿಂಬು ಒತ್ತಿಡಬೇಕಿತ್ತು. ಉಸಿರು ಹಿಡಿಯಬಾರದು ಎಂಬುದು ಡಾಕ್ಟರ್ ಕಟ್ಟಪ್ಪಣೆ. ಹಿಡಿಯದಿರಲು ಏನು ಉಪಾಯ? ಮಾತಾಡುತ್ತ ಮಾಡುವುದು. ಅದರಲ್ಲಿ ಅವರಿಬ್ಬರಿಗೆ ಯಾರ ತರಬೇತಿಯೂ ಬೇಕಿರಲಿಲ್ಲ.

“ಹೊಕ್ಕಳಾ ಎಳದೀರೇನು?”

“ಎಳದೇನಿ. ಸಿಗವಲ್ದು, ಭಾಳ ಒಳಗ ಐತಿ.”

“ಹುಡಕ್ರಿ. ಚುರುಮರಿ ಕೆಳಗ ಇರಬೇಕು.”

ಉಳಿದ ದಿನ ರಜೆ. ರಜೆಯ ದಿನ ಕಾಕಾನ ಪಾಡು ನೋಡಲಾಗುತ್ತಿರಲಿಲ್ಲ. ಬಾಗಿಲಿಗೆ ಬಂದು ನಿಲ್ಲುವನು, ಒಳಗೆ ಹೋಗುವನು, ಚಪ್ಪಲಿ ಸಾಲಾಗಿಡುವನು. ಎತ್ತುವ ಕೆಲಸ ಈಗ ಎಲ್ಲ ದಿನವೂ ನಮ್ಮ ನಡುವೆ ಹಂಚಿಕೆಯಾಗಿತ್ತು. ಗಟ್ಟಿ ಚಾದರದಲ್ಲಿ ಅವಳನ್ನು ಮಲಗಿಸಿ, ಆಚೆ ಈಚೆ ಹಿಡಿದು, ನಾನು, ನನ್ನ ಹೆಂಡತಿ, ಅವನು ಸೇರಿ ಎತ್ತುತ್ತಿದ್ದೆವು. ತನ್ನ ಕಾನೂನು ತಾನೇ ಮುರಿದದ್ದರ ಬಗ್ಗೆ ಕಾಕಾ ಒಂದು ಮಾತೂ ಆಡಲಿಲ್ಲ. ಒಮ್ಮೆ ಮಾತ್ರ ಚಾದರದ ಅಂಚು ಕೈಗೆ ಸುತ್ತಿಕೊಳ್ಳುತ್ತ, “ಮೊದಲ ಹೀಂಗ ಹಿಡೀಬೇಕಾಗಿತ್ತು,” ಎಂದ. ಚಿಗವ್ವ ಕೇಳದವಳ ಹಾಗೆ, “ನನ್ನ ಜಡೆ ಸಿಕ್ಕಿ ಬಿತ್ತು ನೋಡ್ರಿ,” ಎಂದಳು.

ಜಡೆಯ ವಿಷಯ ಹೇಳಲೇಬೇಕು. ಬಿದ್ದ ದಿನದಿಂದ ಅವಳ ತಲೆ ಬಾಚುತ್ತಿದ್ದವನು ಕಾಕಾ. ಕೂತಾಗ ಅವಳ ಎರಡೂ ಕೈ ಹಾಸಿಗೆಗೆ ಊರಿರಬೇಕಿತ್ತು, ಒಂದು ಕೈ ಎತ್ತಿದರೂ ವಾಲುತ್ತಿದ್ದಳು. ದಸರೆ ಕಳೆದ ಒಂದು ಬುಧವಾರ ಅವನು ಹಿಂದೆ ಕೂತು ಅವಳ ಬೆನ್ನಿನ ಎರಡೂ ಬದಿ ಕೈ ಚಾಚಿಕೊಂಡಿದ್ದ, ಮುಟ್ಟದೆ. ನಾನು ಚಾ ಹಿಡಿದು ಬಾಗಿಲಲ್ಲೇ ನಿಂತೆ. ಅವಳು ಒಂದು ಕೈ ಎತ್ತಿದಳು. ವಾಲಲಿಲ್ಲ. ಇನ್ನೊಂದು ಕೈ ಎತ್ತಿದಳು. ಮೈ ಸಣ್ಣಗೆ ನಡುಗಿತು, ನಿಂತಿತು. ಎರಡೂ ಕೈ ತಲೆಯ ಹಿಂದೆ ಒಯ್ದು ಜಡೆ ಬಿಚ್ಚಿ, ಸುತ್ತಿ ತುರುಬು ಕಟ್ಟಿಕೊಂಡಳು.

“ಇಷ್ಟ ದಿನಾ ನೀವು ಹಾಕಿದ್ದು ಹೆಳಲಲ್ರಿ,” ಎಂದಳು, “ಎತ್ತಿನ ಹಗ್ಗ!”

ಕಾಕಾ ಎದ್ದು ಬಚ್ಚಲಿಗೆ ಹೋದ. ಬಹಳ ಹೊತ್ತು ನೀರು ಬಿಟ್ಟ ಸದ್ದು ಕೇಳುತ್ತಿತ್ತು. ಹೊರಗೆ ಬಂದು ಕಣ್ಣಿಗೆ ಸಾಬೂನು ಹೋಯಿತು ಎಂದ. ಸಾಬೂನು ಕಟ್ಟೆಯ ಮೇಲೆ ಒಣಗಿ ಕೂತಿತ್ತು, ನಾನು ನೋಡಿದೆ.

ದೀಪಾವಳಿಗೆ ಮೂಡಲಗಿಯ ಅಣ್ಣ ಬಂದರು. ತಂಗಿ ಮಂಚದ ಅಂಚಿನಲ್ಲಿ ಯಾವ ಆಸರೆಯೂ ಇಲ್ಲದೆ ಕೂತು ಅವರಿಗೆ ಆರತಿ ಎತ್ತಿದಳು. ಅವರು ತಟ್ಟೆಗೆ ಕಾಣಿಕೆ ಹಾಕುವುದನ್ನೂ ಮರೆತು ನೋಡುತ್ತ ನಿಂತರು. “ಗಾಡಿ ತಂದಿದ್ನಿ,” ಎಂದರು ಕಾಕಾನಿಗೆ. “ಬರೇ ಗಾಡಿ ಹೋಗ್ತೈತಿ ಬಿಡ್ರಿ.”

ಇಲ್ಲಿಗೆ ಮುಗಿಸಿದ್ದರೆ ಎಷ್ಟು ಚೆನ್ನಾಗಿತ್ತು! ಬೆನ್ನ ಕೆಳಗೆ, ಅವಳಿಗೆ ಗೊತ್ತಾಗದ ಜಾಗದಲ್ಲಿ ಒಂದು ಹುಣ್ಣು ಆಯಿತು. ದಿನವೂ ನೋಡುತ್ತಿದ್ದೆವು, ಮಗ್ಗುಲು ಬದಲಿಸುತ್ತಿದ್ದೆವು, ಮುಲಾಮು ಹಚ್ಚುತ್ತಿದ್ದೆವು. ಆದರೂ ಅದು ಒಳಗೊಳಗೇ ಬೆಳೆದು ರಕ್ತಕ್ಕೆ ನಂಜು ಏರಿತು. ಚಳಿಗಾಲದಲ್ಲಿ ಜ್ವರ ಬಂತು. ಬೆಳಗಾವಿಗೆ ಒಯ್ದೆವು. ಔಷಧಿ ಏರಿಸಿದರು, ಬದಲಿಸಿದರು, ಕೊನೆಗೆ ಮನೆಗೆ ಒಯ್ಯಿರಿ ಎಂದರು. ಮನೆಯಲ್ಲಿ ಅವಳಿಗೆ ಎಚ್ಚರ ಬಂದು ಬಂದು ಹೋಗುತ್ತಿತ್ತು. ಒಮ್ಮೆ ಕಣ್ಣು ತೆರೆದು ಕಾಕಾನನ್ನು ಹುಡುಕಿ, “ಇವತ್ತು ಯಾವ ವಾರ?” ಎಂದಳು.

“ಮಂಗಳವಾರ,” ಎಂದ ಕಾಕಾ.

“ಹಂಗಾದ್ರ ಆರಾಮ,” ಎಂದಳು.

ಅಂದು ಶುಕ್ರವಾರವಾಗಿತ್ತು. ಅವನು ಯಾಕೆ ಹಾಗೆ ಹೇಳಿದನೆಂದು ನಾನು ಕೇಳಲಿಲ್ಲ. ಮರುದಿನ ಹೊತ್ತೇರುವ ಮುಂಚೆ ಚಿಗವ್ವ ಹೋದಳು.

ನಮ್ಮಲ್ಲಿ ಸತ್ತವರನ್ನು ಮಲಗಿಸುವುದಿಲ್ಲ, ಕೂರಿಸುತ್ತೇವೆ. ಮಣ್ಣು ಕೊಡುವುದೂ ಕೂತ ಹಾಗೆಯೇ. ಮೈ ತೊಳೆದು, ಹೊಸ ಸೀರೆ ಉಡಿಸಿ, ಹಣೆಗೆ ವಿಭೂತಿ ಹಚ್ಚಿ ಪಡಸಾಲೆಯಲ್ಲಿ ಗೋಡೆಗೆ ಆನಿಸಿ ಕೂರಿಸಿದರು. ಜೀವ ಹೋದ ಮೈ ನಿಲ್ಲುವುದಿಲ್ಲ, ಒಂದು ಕಡೆ ಜಾರಿತು. ಎಲ್ಲರ ಮನೆಯಲ್ಲೂ ಮಾಡುವ ಹಾಗೆ ಗೋಡೆಗೆ ಮೊಳೆ ಹೊಡೆದು, ಎದೆಯ ಸುತ್ತ ಬಟ್ಟೆ ಕಟ್ಟಬೇಕು. ಅವಳ ಅಣ್ಣನೇ ಬಿಳಿ ಧೋತರ ಹರಿದು ಪಟ್ಟಿ ಮಾಡಿಕೊಂಡು ಬಂದರು.

“ಕಟ್ಟಬ್ಯಾಡ್ರಿ,” ಎಂದ ಕಾಕಾ.

ಭಜನೆಯವರು ಹಾಡು ನಿಲ್ಲಿಸಿದರು. ಅಣ್ಣ ಪಟ್ಟಿ ಹಿಡಿದು ಅಲ್ಲೇ ನಿಂತರು. “ಕಟ್ಟದ ಹ್ಯಾಂಗ ಕುಂದ್ರತಾಳ್ರಿ? ಮಂದಿ ಬರೂದೈತಿ. ಸಂಜೀತನಾ ಕುಂದ್ರಬೇಕು.”

ಕಾಕಾ ಗೋಡೆಗೂ ಅವಳಿಗೂ ನಡುವೆ ತೂರಿಕೊಂಡು ಚಕ್ಕಳಮಕ್ಕಳ ಹಾಕಿ ಕೂತ. ಅವಳ ಬೆನ್ನನ್ನು ತನ್ನ ಎದೆಗೂ ಹೊಟ್ಟೆಗೂ ಆನಿಸಿಕೊಂಡ. ತಲೆ ವಾಲದಂತೆ ತನ್ನ ಗಲ್ಲವನ್ನು ಅವಳ ತುರುಬಿಗೆ ಒತ್ತಿದ. ವಿಧಿ ಮಾಡಿಸಲು ಬಂದಿದ್ದ ಅಯ್ಯನವರು ಒಂದು ಗಳಿಗೆ ನೋಡಿ, ಆಗಲಿ ಎಂಬಂತೆ ತಲೆಯಾಡಿಸಿದರು. ಭಜನೆ ಮತ್ತೆ ಶುರುವಾಯಿತು. ಜನ ಬಂದರು, ಹೂ ಹಾಕಿದರು, ಕಾಲು ಮುಟ್ಟಿದರು. ಯಾರೋ ಹೆಂಗಸರು ಅವನನ್ನು ನೋಡಿ ಸೆರಗು ಬಾಯಿಗೆ ಒತ್ತಿಕೊಂಡರು. ಬಿಸಿಲು ಪಡಸಾಲೆಯನ್ನು ದಾಟಿ ಆಚೆ ಹೋಯಿತು. ಅವನು ನೀರೂ ಕುಡಿಯಲಿಲ್ಲ.

ಮಧ್ಯಾಹ್ನ ಇಳಿಯುವ ಹೊತ್ತಿಗೆ ಅವನ ಬೆನ್ನು ನಡುಗುವುದು ಕಂಡಿತು. ಅಣ್ಣ ನನಗೆ ಕಣ್ಸನ್ನೆ ಮಾಡಿದರು. ನಾನು ಹತ್ತಿರ ಹೋಗಿ ಕಿವಿಯಲ್ಲಿ ಹೇಳಿದೆ.

“ಕಾಕಾ, ನಿನ್ನ ಬೆನ್ನು ಹಿಡ್ಕೊಂತೈತಿ. ಜರಾ ಹೊತ್ತು ನಾ ಹಿಡೀತೇನಿ, ನೀ ಏಳು.”

ಕಾಕಾ ಗಲ್ಲ ಎತ್ತಲಿಲ್ಲ. ಬಹಳ ಮೆಲ್ಲಗೆ, ಗೋಡೆಯಾಚೆಗಿರಲಿ, ಪಕ್ಕದಲ್ಲಿದ್ದ ನನಗೂ ಕಷ್ಟದಿಂದ ಕೇಳುವಷ್ಟು ಮೆಲ್ಲಗೆ ಹೇಳಿದ.

“ನಾ ಎಲ್ಲಿ ಹಿಡದೇನಲೇ? ಆಕೀನ ಕುಂತಾಳು. ನಾ ಸುಮ್ಮ ಹಿಂದ ಅದೇನಿ.”